ಕದ್ದ ನಪಾಸು

1958ರ ಜೂನ್ 23, ಸೋಮವಾರ. ತಿಥಿಗೆಂದು ಕೃಷ್ಣಮೂರ್ತಿಪುರಂನ ಆ ಬಾಡಿಗೆ ಮನೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟುಹೋಗಿದ್ದರು. ವಸಂತಮ್ಮ ಎದ್ದು ನಲ್ಲಿಯಲ್ಲಿ ನೀರು ಹಿಡಿದಳು. ಒಬ್ಬಳಿಗೆ ಆಗುವಷ್ಟು ಕಾಫಿ ಮಾಡಿಕೊಂಡಳು. ಆಮೇಲೆ ಗಂಡನ ಟ್ರಂಕು ತೆರೆದಳು. ಅಂಗಿಗಳಿದ್ದವು. ಅಂಕಪಟ್ಟಿಗಳು ಇರಲಿಲ್ಲ. ಕಾಲೇಜಿಗೆ ಕೊಟ್ಟಿರಬಹುದೆಂದು ಅಲ್ಲಿಗೆ ಹೋಗಿ ವಿಚಾರಿಸಿದಳು.

ಹನ್ನೆರಡು ಗಂಟೆಗೆ ಅವಳು ಪೊಲೀಸ್ ಠಾಣೆಯಲ್ಲಿದ್ದಳು.

"ಏನಮ್ಮ ದೂರು?" ಇನ್ಸ್‌ಪೆಕ್ಟರ್ ಸದಾಶಿವಯ್ಯ ಕೇಳಿದರು.

"ನಮ್ಮ ಯಜಮಾನರ ವರ್ಗಾವಣೆ ಪತ್ರ ಕಾಲೇಜಿನಿಂದ ಬೇರೆ ಯಾರೋ ತಗೊಂಡು ಹೋಗಿದ್ದಾರೆ ಸಾರ್."

"ಯಜಮಾನರನ್ನೇ ಕಳಿಸಬೇಕಿತ್ತು."

"ಅವರು ಒಂಬತ್ತನೇ ತಾರೀಖು ತೀರಿಕೊಂಡರು. ಪತ್ರ ಹೋಗಿರೋದು ಇಪ್ಪತ್ತೊಂದಕ್ಕೆ. ಅವರೇ ಬಂದು ತಗೊಂಡರು ಅಂತ ಕಾಲೇಜಿನವರು ಹೇಳ್ತಾರೆ."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಚಿಕ್ಕಣ್ಣ ತಲೆ ಎತ್ತಿದ. ಸದಾಶಿವಯ್ಯ ಅವಳಿಗೆ ಕುರ್ಚಿ ತೋರಿಸಿದರು.

ಅವಳು ಅಳದೆ ಹೇಳಿದಳು. ಗಂಡ ನಂಜುಂಡಸ್ವಾಮಿಗೆ ಇಪ್ಪತ್ತನಾಲ್ಕು ವರ್ಷ. ಬಿ.ಎಸ್ಸಿ. ಮೊದಲ ವರ್ಷದ ಗಣಿತದಲ್ಲಿ ಎರಡು ಸಲ ನಪಾಸು. ಆಗ ಅವನು ರೇಷ್ಮೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ತಮ್ಮನನ್ನು ಓದಿಸುತ್ತಿದ್ದ. ಪಾಳಿ ಬಿಟ್ಟ ಮೇಲೆ ರಸಾಯನಶಾಸ್ತ್ರದಲ್ಲಿ ಕಾಲೇಜಿಗೇ ಮೊದಲಿಗನಾದ. ಉತ್ತರದಲ್ಲಿ ಒಂದು ವಿಶ್ವವಿದ್ಯಾನಿಲಯವಿದೆ, ಅಲ್ಲಿ ಸೀಟು ಸಿಗುವುದು ಕಷ್ಟ. ಆನರ್ಸ್ ತರಗತಿಗೆ ವರ್ಗಾವಣೆ ಕೋರಿ ಅಲ್ಲಿಗೆ ಅರ್ಜಿ ಹಾಕಿದ. ನಪಾಸಾದದ್ದನ್ನು ಮುಚ್ಚಿಡದೆ, ಯಾಕೆ ಎಂಬುದನ್ನೂ ಬರೆದ. ಮೇ ತಿಂಗಳಲ್ಲಿ ಸೀಟು ಸಿಕ್ಕಿತು. ಜುಲೈ ಒಂದರೊಳಗೆ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳೊಂದಿಗೆ ಹಾಜರಾಗಬೇಕಿತ್ತು. ಅಷ್ಟರಲ್ಲಿ ಟೈಫಾಯಿಡ್ ಬಂತು.

"ಆ ಸೀಟಿನಿಂದ ನಿಮಗೀಗ ಏನೂ ಆಗಬೇಕಾದ್ದಿಲ್ಲ," ಎಂದರು ಸದಾಶಿವಯ್ಯ ಮೆಲ್ಲಗೆ.

"ಹೆಡ್ ಕ್ಲಾರ್ಕೂ ಹಾಗೇ ಅಂದರು. ಯಾರೋ ಓದಿಕೊಳ್ಳಲಿ ಬಿಡಿ ಅಂದರು. ಅವರು ಫೇಲಾದಾಗ ಇದೇ ಕಾಲೇಜು ಅವರನ್ನ ಕೊನೇ ಬೆಂಚಲ್ಲಿ ಕೂರಿಸ್ತು. ಆ ಫೇಲನ್ನ ಅವರು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದರು. ಈಗ ಯಾವನೋ ಅದನ್ನ ತನ್ನದು ಅಂತ ಹೇಳಿಕೊಳ್ಳೋಕೆ ಹೊರಟಿದ್ದಾನೆ. ಅವರ ಫೇಲನ್ನೂ ಕದ್ದಿದ್ದಾನೆ ಸಾರ್. ಅದನ್ನ ಬರೆದುಕೊಳ್ಳಿ."

ಚಿಕ್ಕಣ್ಣ ಅದನ್ನೂ ಬರೆದ. 12.40ಕ್ಕೆ ಎಫ್‌ಐಆರ್ ದಾಖಲಾಯಿತು: ಮನೆಯೊಳಗಿನ ಕಳವು, ಬೇರೊಬ್ಬನ ಹೆಸರಿನಲ್ಲಿ ವಂಚನೆ. ಐಪಿಸಿ ಕಲಂ 380, 419.

ಎರಡು ಗಂಟೆಗೆ ಸದಾಶಿವಯ್ಯ, ಚಿಕ್ಕಣ್ಣ ಇಬ್ಬರೂ ಕಾಲೇಜಿನ ಕಚೇರಿಗೆ ಹೋದರು. ಹೆಡ್ ಕ್ಲಾರ್ಕ್ ಸುಂದರೇಶ ಸರಳು ಹಾಕಿದ ಕಿಟಕಿಯ ಹಿಂದೆ ಕುಳಿತಿದ್ದ.

"ಮುಖ ನೋಡಲಿಲ್ಲವೇನ್ರೀ?"

"ಜೂನ್ ತಿಂಗಳು ಸಾರ್. ಒಬ್ಬೊಬ್ಬರ ಮುಖ ನೋಡ್ತಾ ಕೂತರೆ ಕೆಲಸ ಆಗ್ತದಾ? ಸೀಟು ಕೊಟ್ಟ ಕಾಗದ ತೋರಿಸಿದ, ರುಜು ಹಾಕಿದ, ಕೊಟ್ಟೆ."

"ಬೆಳಿಗ್ಗೆ ಆ ಹೆಣ್ಣುಮಗಳು ಬಂದಾಗ ಏನಂದಿರಿ?"

ಸುಂದರೇಶ ಮಸಿ ದವತಿಯನ್ನು ಸ್ವಲ್ಪ ಸರಿಸಿದ. "ಇಷ್ಟು ಬೇಗ ನೀವು ಹೊರಗೆ ಬರಬಾರದಿತ್ತು ಅಂದೆ. ಲೋಕರೂಢಿ ಮಾತು."

"ಸತ್ತವನು ಬಂದರೆ ಪರವಾಗಿಲ್ಲ. ಹೆಂಡತಿ ಬರಬಾರದು."

ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ ಅಟೆಂಡರ್ ಶಿವಲಿಂಗಯ್ಯ ನಿಂತಿದ್ದ. ಹೊಸದಾಗಿ ಸೇರಿದವನು, ಹಳೆಯ ಹುಡುಗರ ಪರಿಚಯ ಅವನಿಗಿರಲಿಲ್ಲ.

"ಬಂದಿದ್ನಲ್ಲ ಸಾರ್, ತಲೆಗೆ ಟವೆಲ್ ಸುತ್ಕೊಂಡು. ಸಾಹೇಬ್ರ ರುಜು ಆಗ್ಬೇಕು, ತಗೀಯಪ್ಪ ಅಂದೆ. ತಗುದ. ನುಣ್ಣಗೆ ಬೋಳು."

"ಮುಡಿ ಕೊಟ್ಟಿರ್ಬೇಕು ಸಾರ್," ಎಂದ ಚಿಕ್ಕಣ್ಣ. "ಸೀಟು ಸಿಕ್ಲಿ ಅಂತ ನಂಜನಗೂಡಿಗೆ ಹರಕೆ ಹೊತ್ತಿದ್ನೇನೋ. ನಾನೂ ಪಿಸಿ ಆಗೋಕೆ ಹೊತ್ತಿದ್ದೆ."

"ಮೀಸೆ ಇತ್ತಾ?" ಸದಾಶಿವಯ್ಯ ಅಟೆಂಡರನನ್ನು ಕೇಳಿದರು.

"ಇರ್ಲಿಲ್ಲ ಸಾರ್. ಮೂಗಿನ ಕೆಳಗೆ ಬಿಳಿಚ್ಕೊಂಡಿತ್ತು. ಆಗ ತಾನೇ ತಗ್ಸಿದಂಗೆ."

"ಹರಕೆ ತೀರಿಸಿದಾಗ ನಿನ್ನ ಮೀಸೆ ಹೋಗಿತ್ತೇನೋ ಚಿಕ್ಕಣ್ಣ?"

"ಮೀಸೆ ಯಾಕ್ ತಗುಸ್ಲಿ ಸಾರ್. ನಮ್ಮಪ್ಪ ಸತ್ತಾಗ..." ಚಿಕ್ಕಣ್ಣ ಅಲ್ಲಿಗೇ ನಿಲ್ಲಿಸಿ ಸಾಹೇಬರ ಮುಖ ನೋಡಿದ. "ಕರ್ಮ ಮಾಡ್ದೋನು ಸಾರ್. ತಿಥಿ ದಿವಸ ತಗುಸ್ತಾರೆ."

ಜೀಪು ಕೃಷ್ಣಮೂರ್ತಿಪುರಂ ಕಡೆ ತಿರುಗಿತು.

ಮನೆಯಲ್ಲಿ ವಸಂತಮ್ಮನ ಅತ್ತೆ ದೇವಿರಮ್ಮ ಇದ್ದರು. ತಿಥಿಯ ಅಡುಗೆಗೆಂದು ತಂದಿದ್ದ ಪಾತ್ರೆಗಳನ್ನು ತಮ್ಮ ಊರು ಹಿನಕಲ್ಲಿಗೆ ವಾಪಸು ಒಯ್ಯಲು ಬಂದಿದ್ದರು. ಅವರು ಕಿರಿಯ ಮಗನೊಂದಿಗೆ ಅಲ್ಲೇ ಇರುವುದು. ಪೊಲೀಸರನ್ನು ಕಂಡು ಕೊಪ್ಪರಿಗೆಯನ್ನು ನೆಲಕ್ಕಿಟ್ಟರು.

"ಒಂದೇ ಮಾತು ಕೇಳಬೇಕು," ಎಂದರು ಸದಾಶಿವಯ್ಯ ವಸಂತಮ್ಮನಿಗೆ. "ನಿಮ್ಮ ಯಜಮಾನರ ತಿಥಿಯ ದಿನ ತಲೆ, ಮೀಸೆ ತೆಗೆಸಿದವರು ಯಾರಮ್ಮ?"

ವಸಂತಮ್ಮ ಬಾಗಿಲ ಚೌಕಟ್ಟಿಗೆ ಒರಗಿದಳು. ಟ್ರಂಕಿದ್ದ ಕೋಣೆಯಲ್ಲಿ ಆ ದಿನ ಯಾರು ಕುಳಿತು ಊಟ ಮಾಡಿದ್ದರೆಂದು ಅವಳಿಗೆ ನೆನಪಾಯಿತು. ದೇವಿರಮ್ಮ ಸೊಸೆಯನ್ನೇ ನೋಡುತ್ತಿದ್ದರು. ಅವರ ಮುಖ ಕಂಡಾಗ ಅತ್ತೆಗೆ ಮೊದಲೇ ಗೊತ್ತಿತ್ತೆಂಬುದೂ ತಿಳಿಯಿತು.

"ಬುಟ್ಬುಡು ಕಣಮ್ಮ," ಎಂದರು ದೇವಿರಮ್ಮ. "ಹೋದೋನಂತೂ ಹೋದ. ಆ ಜಾಗ್ದಲ್ಲಿ ಇರೋನು ಕೂತ್ಕೊಂಡ್ರೆ ನಿಂಗೇನ್ ಕಮ್ಮಿ ಆಯ್ತದೆ? ಇಬ್ರೂ ನನ್ ಮಕ್ಳೇ."

"ನಿಮಗೆ ಇಬ್ಬರು ಮಕ್ಕಳು, ಅತ್ತೆ. ನನಗೆ ಅವರೊಬ್ಬರೇ ಇದ್ದದ್ದು."

"ಅವನ್ನ ಜೈಲಿಗ್ ಹಾಕ್ಸಿ ನಿಂಗೆ ಅನ್ನ ಇಳೀತದಾ?"

"ನಾನು ಸುಮ್ಮನಿದ್ದರೆ ಆ ಊರಲ್ಲಿ ನಮ್ಮ ಯಜಮಾನರು ಬದುಕಿರ್ತಾರೆ. ಪಾಸಾಗ್ತಾರೆ, ಕೆಲಸಕ್ಕೆ ಸೇರ್ತಾರೆ, ಅದೇ ಹೆಸರಲ್ಲಿ ಮದುವೆಯೂ ಆಗ್ತಾರೆ. ನಾನಿಲ್ಲಿ ಯಾರ ಹೆಂಡತಿ ಅಂತ ಕೂತಿರಲಿ? ಕುಂಕುಮ ಅಳಿಸಿದವರು ನೀವೇ ಅಲ್ಲವಾ? ಯಾರಿಗೋಸ್ಕರ ಅಳಿಸಿದಿರಿ?"

ದೇವಿರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ವಸಂತಮ್ಮ ಇನ್ಸ್‌ಪೆಕ್ಟರರ ಕಡೆ ತಿರುಗಿದಳು.

"ನನ್ನ ಮೈದುನ, ಮಹದೇವು."

"ಈಗ ಎಲ್ಲಿದ್ದಾನೆ?"

"ಬೆಟ್ಟಕ್ ಹೋಗವ್ನೆ," ದೇವಿರಮ್ಮ ನಡುವೆ ಬಾಯಿ ಹಾಕಿದರು. "ತಾಯಿ ದರ್ಸನಕ್ಕೆ."

"ಮನೆಯಲ್ಲಿ ಸಾವಾದ ವರ್ಷ ಬೆಟ್ಟ ಹತ್ತುತ್ತೀರೇನಮ್ಮ?"

ಸದಾಶಿವಯ್ಯ ಗಡಿಯಾರ ನೋಡಿದರು. ಉತ್ತರಕ್ಕೆ ಹೋಗುವವನು ಹಿಡಿಯಬೇಕಾದ, ಬೆಂಗಳೂರಿಗೆ ಹೋಗುವ ಸಂಜೆಯ ರೈಲು ಇನ್ನೂ ಹೊರಟಿರಲಿಲ್ಲ.

ಮೂರನೇ ದರ್ಜೆಯ ಡಬ್ಬಿಯಲ್ಲಿ, ಕಿಟಕಿಯ ಪಕ್ಕ, ತಲೆಗೆ ಟವೆಲ್ ಸುತ್ತಿಕೊಂಡ ಯುವಕ ಕುಳಿತಿದ್ದ.

"ಹೆಸರು?"

"ನಂಜುಂಡಸ್ವಾಮಿ."

"ಎಲ್ಲಿಗೆ?"

"ಓದೋಕೆ ಸಾರ್."

"ಗಣಿತದಲ್ಲಿ ಎರಡು ಸಲ ಫೇಲು. ಅಲ್ಲಿ ಕೇಳ್ತಾರೆ. ಯಾಕೆ ಫೇಲಾದೆ?"

"ಆಗ ರಾತ್ರಿ ಪಾಳಿ ಇತ್ತು ಸಾರ್."

"ಯಾರನ್ನ ಓದಿಸೋಕೆ?"

ಯುವಕ ತಾನೇ ಟವೆಲ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಪೆಟ್ಟಿಗೆಯಲ್ಲಿ ನಂಜುಂಡಸ್ವಾಮಿಯ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಸೀಟಿನ ಕಾಗದ, ಎರಡು ಅಂಗಿ, ಒಂದು ಉಣ್ಣೆ ಕೋಟು ಸಿಕ್ಕಿದವು. ಮಹದೇವುವನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ನಾನು ಒಂದು ಸಲಾನೂ ಫೇಲಾಗಿಲ್ಲ ಸಾರ್. ಎಲ್ಲದ್ರಲ್ಲೂ ನಲವತ್ತು, ನಲವತ್ತೆರಡು. ಅದೇ ಯೂನಿವರ್ಸಿಟಿಗೆ ನಾನೂ ಬರೆದಿದ್ದೆ. ಆಗಲ್ಲ ಅಂದ್ರು. ಫೇಲಾದ ಅಣ್ಣನ್ನ ಕರುದ್ರು."

"ಆ ಫೇಲು ನಿನ್ನಿಂದಲೇ ಆಗಿದ್ದು."

"ಗೊತ್ತು ಸಾರ್. ಮನೇಲಿ ಎಲ್ರಿಗೂ ಗೊತ್ತು. ನಾನು ಪಾಸಾದಾಗೆಲ್ಲ ಜನ ಅಣ್ಣನ್ನೇ ಹೊಗಳೋರು."

ಸದಾಶಿವಯ್ಯ ಹೇಳಿಕೆಯನ್ನು ಮಡಿಸಿದರು. "ತಲೆ ಬೋಳಿಸದೆ ಇದ್ದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅಣ್ಣ ಸಾರ್," ಎಂದ ಮಹದೇವು. "ತಗುಸ್ದೆ ಇರೋಕಾಗ್ತದಾ?"

ಅಣ್ಣನಿಗೆ ಸಲ್ಲಬೇಕಾದ ಕರ್ಮದಲ್ಲಿ ಅವನು ಏನನ್ನೂ ಬಿಟ್ಟಿರಲಿಲ್ಲ. ಅಣ್ಣನ ಹೆಸರನ್ನು ಮಾತ್ರ ಅಣ್ಣನಿಗೆ ಬಿಡಲಾರದೆ ಹೋಗಿದ್ದ.

ಆಗಸ್ಟ್‌ನಲ್ಲಿ ಕೋರ್ಟು ವಸ್ತುಗಳನ್ನು ಬಿಡುಗಡೆ ಮಾಡಿತು. ವಸಂತಮ್ಮ ಅಂಕಪಟ್ಟಿಗಳನ್ನು, ನಪಾಸಾದ ಎರಡನ್ನೂ ಸೇರಿಸಿ, ಟ್ರಂಕಿನಲ್ಲಿಟ್ಟಳು. ಕೋಟನ್ನು ಬಿಸಿಲಿಗೆ ಹಾಕಿ, ಕೊಡವಿ, ಪಕ್ಕದ ಬೀದಿಯ ಸಿದ್ದಮಲ್ಲಪ್ಪನವರ ಮನೆಗೆ ತೆಗೆದುಕೊಂಡು ಹೋದಳು. ಅವರು ಹಿಂದೆ ಸೈನ್ಯದಲ್ಲಿದ್ದು ಉತ್ತರದ ಚಳಿ ಕಂಡವರು. ನಂಜುಂಡಸ್ವಾಮಿ ಅದನ್ನು ಅವರಿಂದ ಕೇಳಿ ತಂದಿದ್ದ.

"ಇದನ್ನ್ಯಾಕೆ ತರೋಕೆ ಹೋದೆ ತಾಯಿ? ಮನೇಲೇ ಇರಲಿ ಬಿಡು," ಎಂದರು ಸಿದ್ದಮಲ್ಲಪ್ಪ.

"ಅವರು ಎರವಲು ಅಂತ ತಂದಿದ್ದು ಮಾವ."

ಅವರು ಕೋಟನ್ನು ತಿರುಗಿಸಿ ನೋಡಿದರು. "ತೊಟ್ಟೇ ಇಲ್ಲವಲ್ಲಮ್ಮ."

"ಒಂದು ಸಲ ಹಾಕಿ ನೋಡಿದರು. ತೋಳು ಉದ್ದ ಆಯ್ತು ಅಂದರು. ಒಳಗೆ ಮಡಿಚಿ ಹೊಲಿದುಕೊಟ್ಟಿದ್ದೆ," ಎಂದಳು ವಸಂತಮ್ಮ. "ನಿನ್ನೆ ಬಿಚ್ಚಿದ್ದೀನಿ. ನಿಮ್ಮ ಅಳತೆಗೇ ಇದೆ."