ಆಪೂಸು ಕಲಿತ ಯಂತ್ರ

ಶಿವಲೀಲಾ ಗುಲಾಬಿ ವಾಸನೆಯ ತಂಬಾಕಿನ ಚೀಟಿ ಹರಿದು ಬಾಯಿಗೆ ಸುರಿದುಕೊಂಡಳು. ಮರುಕ್ಷಣವೇ ಮುಖ ಕಿವಿಚಿ, ಹಿತ್ತಲಿಗೆ ಓಡಿ ಉಗುಳಿದಳು. ಬಾಯಿತುಂಬ ಔಡಲೆಣ್ಣೆಯ ರುಚಿ! ಖಾನಾವಳಿಯ ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿ ಕಾಶವ್ವನಿಗೆ ಆ ವಾಕರಿಕೆ ಕೇಳಿ ಎದೆ ತಂಪಾಯಿತು. ತಂಬಾಕಿಗೆ ಮೊದಲು ಗಂಡನ ದವಡೆಯನ್ನೂ ಆಮೇಲೆ ಗಂಡನನ್ನೂ ಕೊಟ್ಟವಳು ಅವಳು. ಈ ಹದಿನಾರರ ಹುಡುಗಿಯ ಬಾಯಿ ಉಳಿದರೆ ಸಾಕು, ಬೇರೇನೂ ಬೇಡ ಎಂದುಕೊಂಡಿದ್ದಳು.

ಆ ಚಳಿಗಾಲದಲ್ಲಿ ಧಾರವಾಡದ ಪ್ರತಿಯೊಬ್ಬ ವಿದ್ಯಾರ್ಥಿಯ ದವಡೆಹಲ್ಲಿಗೂ 'ರುಚಿಕಾವಲು' ಎಂಬ ಸಾಸಿವೆ ಗಾತ್ರದ ಯಂತ್ರವನ್ನು ಅಂಟಿಸಲಾಗಿತ್ತು. ನಾವು ರುಚಿ ಎಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೇರುವ ಪರಿಮಳದ್ದು. ಯಂತ್ರವು ಆ ಪರಿಮಳದ ಅಣುಗಳನ್ನು ತಾನು ಕಲಿತ ಮಾದರಿಗಳ ಜೊತೆ ಹೋಲಿಸುತ್ತದೆ. ನಿಷಿದ್ಧವಾದದ್ದು ಸಿಕ್ಕರೆ ನಾಲಿಗೆಯ ನರಕ್ಕೆ ಸಣ್ಣ ವಿದ್ಯುತ್ ಮಿಡಿತವೊಂದನ್ನು ಕಳಿಸುತ್ತದೆ. ಮಿದುಳು ಅದನ್ನು ಔಡಲೆಣ್ಣೆ ಎಂದೇ ನಂಬುತ್ತದೆ.

ಮೊದಲು ಸರ್ಕಾರ ಕಾಲೇಜುಗಳ ಸುತ್ತಮುತ್ತ ಪರಿಮಳದ ತಂಬಾಕಿನ ಮಾರಾಟವನ್ನಷ್ಟೇ ನಿಷೇಧಿಸಿತ್ತು. ಅಂಗಡಿಯವರು ಕಾನೂನಿಗೆ ತಲೆಬಾಗಿ, ಮುಂದೆ ತೂಗುತ್ತಿದ್ದ ಚೀಟಿಗಳ ಸರವನ್ನು ಹಿಂದೆ ತೂಗುಹಾಕಿದರು. ಅಂಗಡಿ ಕಾಯಲು ಕೈಲಾಗದ ಸರ್ಕಾರ ಮಕ್ಕಳ ಬಾಯಿ ಕಾಯಲು ಹೊರಟಿತು. ತಂಬಾಕನ್ನೇ ಹಿಡಿಯುವ ಯಂತ್ರ ಮಾಡಬಹುದಿತ್ತಲ್ಲ? ಧಾರಾಳವಾಗಿ ಮಾಡಬಹುದಿತ್ತು. ಆದರೆ ತಜ್ಞರ ಸಮಿತಿಯಲ್ಲಿ ತಂಬಾಕು ಕಂಪನಿಯ ಮಹಾಶಯರೊಬ್ಬರೂ ಕುಳಿತಿದ್ದರು. ಬರೀ ತಂಬಾಕು ಕಾನೂನು ಒಪ್ಪಿದ ಸರಕು, ಅದಕ್ಕೆ ಯಂತ್ರ ಅಡ್ಡಬರಕೂಡದು ಎಂದು ಅವರು ಅಪ್ಪಣೆ ಕೊಡಿಸಿದರು. ಉಳಿದವರಿಗೆ ತಂಬಾಕಿನ ತೆರಿಗೆ ತುಂಬುವ ಖಜಾನೆಯ ನೆನಪಾಯಿತು, ಎಲ್ಲರೂ ತಲೆಯಾಡಿಸಿದರು. ಯಂತ್ರ ಬೆರೆಸಿದ ಪರಿಮಳವನ್ನಷ್ಟೇ ಹಿಡಿಯಬೇಕೆಂದಾಯಿತು. ಊರಿನ ಮಕ್ಕಳ ಬಾಯಿ ಇಂಥ ಜಾಣರ ಕೈಗೆ ಸಿಕ್ಕಿತ್ತು.

ಯಂತ್ರವನ್ನು ಕಂಡುಹಿಡಿದ ಡಾಕ್ಟರ್ ವಾಮನರಾವ್ ತೊರಗಲ್ಲ ಊಟಕ್ಕೆ ಬರುತ್ತಿದ್ದುದು ಕಾಶವ್ವನ ಖಾನಾವಳಿಗೇ. ಭಾಷಣದಲ್ಲಿ ಬಾಯಿ ತೆರೆದು ತೋರಿಸಲೆಂದು ತಮ್ಮ ಹಲ್ಲಿಗೂ ಒಂದನ್ನು ಕೂಡಿಸಿಕೊಂಡಿದ್ದರು.

"ಕಾಶವ್ವಾ, ಮಗಳು ಉಗುಳಿದ್ದು ಕೇಳಿಸ್ತಿಲ್ಲೋ?" ಎಂದರು ಅಂದೂ ಊಟಕ್ಕೆ ಕುಳಿತಿದ್ದ ರಾಯರು ಎದೆಯುಬ್ಬಿಸಿ.

"ನಿಮ್ಮ ಹೊಟ್ಟಿ ತಣ್ಣಗಿರಲಿ, ಸಾಹೇಬ್ರ. ಆದ್ರ ಈ ಹುಡುಗ್ರು ಹೆಚ್ಚಾಗಿ ತಿನ್ನೂದು ಮಾವಿನ ವಾಸನಿ ಚೀಟಿ. ಅದೂ ಹಿಂಗ ಆಕ್ಕೈತೇನ್ರಿ?"

"ಅದಕ್ಕಂತೂ ವಿಶೇಷ ಕಾಳಜಿ ತಗೊಂಡೀನಿ! ಉಳಿದ ವಾಸನಿ ಕಲಿಸ್ಲಿಕ್ಕೆ ಕಂಪನಿಯವರು ಕಳಿಸಿದ ಅರ್ಕ ಸಾಕಾತು. ಮಾವಿಂದು ಮೂಸಿ ನೋಡಿದೆ. ಥೂ! ಸೀಮೆಎಣ್ಣಿಗೆ ಸಕ್ಕರಿ ಕಲಸಿಧಂಗ! ಧಾರವಾಡದಾಗ ಹುಟ್ಟಿ, ಅದನ್ನ ಮಾವು ಅಂತ ಯಂತ್ರಕ್ಕ ಕಲಿಸ್ಲೇನು? ಹೋದ ಬ್ಯಾಸಗ್ಯಾಗ ನಮ್ಮ ಕೆಲಗೇರಿ ತೋಟದ ಆಪೂಸ ತರಿಸಿ ಕಲಿಸೀನಿ."

ಕಾಶವ್ವನಿಗೂ ಆ ಮಾತು ಹಿತವಾಗಿಯೇ ಕೇಳಿಸಿತು. ಆಪೂಸನ್ನು ಬಿಟ್ಟು ಇನ್ನೊಂದನ್ನು ಮಾವು ಎನ್ನಲು ಈ ಊರಿನಲ್ಲಿ ಯಾರಿಗೆ ಬಾಯಿ ಬರುತ್ತದೆ? ಸಮಿತಿಯಲ್ಲಿದ್ದ ಧಾರವಾಡದವರೂ ಭೇಷ್ ಎಂದಿದ್ದರಂತೆ.

ಬೇಸಿಗೆ ಬಂತು, ಆಪೂಸು ಆಗಷ್ಟೇ ಹಣ್ಣಾಗತೊಡಗಿತ್ತು. ಗುಲಾಬಿ ಚೀಟಿ ಕೇಳುವವರಿಲ್ಲವೆಂದು ಮಂತ್ರಿಗಳು ಗೆಲುವು ಸಾರಿದರು. ವಾಮನರಾಯರಿಗೆ ಪ್ರಶಸ್ತಿಯೂ ಶಾಲೂ ಬಂದವು. ಮಗಳು ಚಟ ಬಿಟ್ಟಳೆಂದು ನಂಬಿದ್ದ ಕಾಶವ್ವ ಅವರನ್ನು ಕರೆದು ಹೋಳಿಗೆ, ಆಪೂಸಿನ ಸೀಕರಣೆ ಬಡಿಸಿದಳು. ಹಣ್ಣು ಅವರದೇ ತೋಟದ್ದು. ರಾಯರು ಹೋಳಿಗೆಯ ತುಣುಕನ್ನು ಸೀಕರಣೆಯಲ್ಲಿ ಅದ್ದಿ ಬಾಯಿಗಿಟ್ಟರು. ಹೊಸ ಶಾಲಿನ ಮೇಲೆಯೇ ಉಗುಳಿಕೊಂಡರು.

"ಔಡಲೆಣ್ಣಿ!"

ಕಾಶವ್ವ ಗಾಬರಿಯಾಗಿ ಬೆರಳದ್ದಿ ನೆಕ್ಕಿದಳು. ಜೇನಿನಂಥ ಸೀಕರಣೆ. ರಾಯರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಯಂತ್ರ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಆಪೂಸು ಕಲಿತಿದ್ದ ಅದು ಆಪೂಸನ್ನೇ ಹಿಡಿದಿತ್ತು. ಕಾರ್ಖಾನೆಯ ಹುಸಿ ಮಾವಿನಲ್ಲಿ ಆ ಅಣುಗಳೇ ಇಲ್ಲದ್ದರಿಂದ ಚೀಟಿಗಳು ಇಷ್ಟು ದಿನವೂ ಆರಾಮಾಗಿ ಒಳಗೆ ಹೋಗುತ್ತಿದ್ದವು. ತಡವರಿಸುತ್ತ ರಾಯರು ಇದನ್ನೆಲ್ಲ ಕಾಶವ್ವನಿಗೆ ಬಿಡಿಸಿ ಹೇಳಿದರು.

"ಹಂಗಾರ ನನ್ನ ಮಗಳ ಹಲ್ಲಿಂದ ಅದನ್ನ ಈಗಿಂದೀಗ ಕಿತ್ತ ಹಾಕ್ರಿ."

"ನಂದು ತೋರಿಸ್ಲಿಕ್ಕೆ ಮಾಡಿದ್ದು, ಬಿಚ್ಚಲಿಕ್ಕೆ ಬರ್ತದ. ಹುಡುಗರದು ಇಪ್ಪತ್ತೊಂದು ತುಂಬೋತನಕ ಬರೂದಿಲ್ಲ. ಕಾಯ್ದೆ ಹಂಗದ. ಕಲಿಸಿದ್ದು ಮರೆಸ್ಬೇಕಂದ್ರೂ ಸಮಿತಿ ಒಪ್ಪಿಗಿ ಬೇಕು."

"ಕರೀರಿ ಸಮಿತೀನ!"

"ಕೆಲಸ ಯಶಸ್ವಿ ಆತಂತ ಅದು ಬರ್ಖಾಸ್ತ ಆಗೇದ, ಕಾಶವ್ವಾ."

ನಿಮ್ಮ ಜಾಣತನಕ್ಕಿಷ್ಟು ಬೆಂಕಿ ಹಾಕಲಿ ಎನ್ನುತ್ತ ಕಾಶವ್ವ ಸೀಕರಣೆಯ ಬಟ್ಟಲನ್ನು ಎತ್ತಿಕೊಂಡೇ ಹಿತ್ತಲಿಗೆ ನಡೆದಳು. ಶಿವಲೀಲಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನಿಶ್ಚಿಂತೆಯಿಂದ ಜಗಿಯುತ್ತಿದ್ದಳು. ಕೈಯಲ್ಲಿ ಮಾವಿನ ಚಿತ್ರದ ಹಳದಿ ಚೀಟಿ.

"ಉಗುಳ ಅದನ್ನ! ನಿಮ್ಮಪ್ಪನ ಬಾಯಿ ನೋಡೀಯಿಲ್ಲೋ ನೀ?"

ಹುಡುಗಿ ಉಗುಳಿದಳು. ತಾಯಿಯ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂದವು.

"ಹ್ವಾದ ವಾರ ಒಂದ ಹಣ್ಣ ತಿಂದೆ, ಅವ್ವಾ. ಬರೇ ಔಡಲೆಣ್ಣಿ. ಮಾವಿನ ರುಚಿ ಅಂತ ನನಗ ಉಳದಿದ್ದು ಇದೊಂದ ಐತಿ. ಇದನ್ನೂ ಬಿಡು ಅಂತಿ?"

ಕಾಶವ್ವ ಚೀಟಿಯನ್ನು ಕಸಿದುಕೊಂಡಳು. ಬದಲಿಗೆ ಮಗಳ ಬಾಯಿಗೆ ಏನಾದರೂ ಸಿಹಿ ಇಡಬೇಕೆನಿಸಿತು. ಇನ್ನೊಂದು ಕೈಯಲ್ಲಿದ್ದುದು ಸೀಕರಣೆ.