ಕೇಳಿಸಲಿಲ್ಲ ಎಂದವನ ಪಿಸ್ತೂಲು

“ತಗೊಂಡು ಹೋಗು, ಬೇಡ ಅನ್ನಲ್ಲ. ಆದ್ರೆ ಇದರ ಟ್ರಿಗರ್ ಮಾತ್ರ ಎಳೀಬೇಡ ತಾಯಿ,” ಎಂದಳು ಅಂಗಡಿಯ ಮುದುಕಿ. ಹೇಳುವಾಗ ಅವಳ ಕಣ್ಣು ಪಿಸ್ತೂಲಿನ ಮೇಲಿರಲಿಲ್ಲ, ಬಾಗಿಲಿನ ಮೇಲಿತ್ತು.

ಪಿಸ್ತೂಲಕ್ಕನಿಗೆ ನಗು ತಡೆಯಲಾಗಲಿಲ್ಲ. ಮುಚ್ಚಿಹೋಗುತ್ತಿದ್ದ ಆಟಿಕೆ ಅಂಗಡಿಯ ಹಿಂದಿನ ಕೋಣೆ ಅದು. ಕಿಟಕಿಯಿಲ್ಲ. ತುಕ್ಕು, ಇಲಿಹಿಕ್ಕೆ, ನೆನೆದು ಒಣಗಿದ ರಟ್ಟು, ಎಲ್ಲದರ ವಾಸನೆಯೂ ಒಟ್ಟಿಗೆ ಮೂಗಿಗೆ ಅಡರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು, ಸುಟ್ಟ ಕೂದಲಿನದು. ಆದರೆ ಕೈಯಲ್ಲಿದ್ದ ವಸ್ತುವಿನ ಮುಂದೆ ಅವಳಿಗೆ ಬೇರೆ ಯಾವುದೂ ಲೆಕ್ಕಕ್ಕಿರಲಿಲ್ಲ. ತಗಡಿನ ಆಟದ ಪಿಸ್ತೂಲು. ಹಿಡಿಯ ಮೇಲೆ ಓಡುವ ಮೊಲದ ಚಿತ್ರ. ಹೊಟ್ಟೆಯೊಳಗೆ ಕೆಂಪು ಕಾಗದದ ಕೇಪಿನ ಸುರುಳಿ, ಹಾಕಿದ್ದು ಹಾಕಿದಂತೆಯೇ ಇತ್ತು. ಇಂಥದ್ದೊಂದಕ್ಕಾಗಿ ಅವಳು ಎಷ್ಟು ಗುಜರಿ ಅಂಗಡಿಗಳ ಧೂಳು ಕುಡಿದಿದ್ದಳೋ!

ಹಲ್ಲಿನ ಡಾಕ್ಟರುಗಳಿಗೆ ಹಲ್ಲುಸೆಟ್ಟು ಮಾಡಿಕೊಡುವುದು ಅವಳ ಕಸುಬು, ಹಳೆಯ ಕೇಪು ಪಿಸ್ತೂಲುಗಳನ್ನು ಕೂಡಿಹಾಕುವುದು ಅವಳ ಹುಚ್ಚು. ಆ ಹುಚ್ಚಿನ ದೆಸೆಯಿಂದ ಡಾಕ್ಟರುಗಳು ಅವಳ ಹೆಸರನ್ನೇ ಮರೆತು ಪಿಸ್ತೂಲಕ್ಕ ಎನ್ನತೊಡಗಿದ್ದರು. ಅವಳೂ ಅದಕ್ಕೇ ಓಗೊಡುತ್ತಿದ್ದಳು.

“ಎಳೆದ್ರೆ ಏನಾಗತ್ತೆ ಅಜ್ಜಿ? ಪೊಲೀಸ್ ಬರ್ತಾರಾ?”

“ನಗಬೇಡ. ನಮ್ಮ ಮಾವನ ಕೇಪು ಮಾಡೋ ಶೆಡ್ಡಿಗೆ ಬೆಂಕಿ ಬಿತ್ತು. ಒಳಗೆ ಒಬ್ಬಳು ಹುಡುಗಿ ಇದ್ದಳು. ಹೊರಗಿಂದ ಚಿಲಕ. ಅವಳು ಕೂಗಿದ್ದು ಬೀದಿಗೆಲ್ಲ ಕೇಳಿಸ್ತು. ಚಿಲಕ ಹಾಕಿದ್ದ ಮಾವ ಮಾತ್ರ ನಂಗೆ ಕೇಳಿಸಲಿಲ್ಲ ಅಂದ್ರು.” ಮುದುಕಿ ಧ್ವನಿ ತಗ್ಗಿಸಿದಳು. “ಅವಳ ತಾಯಿ ಮಾಟ ಮಾಡಿಸಿದಳು. ಮಗಳ ಸುಟ್ಟ ಕೂದಲನ್ನ ಮದ್ದಲ್ಲಿ ಕಲಸಿ, ಈ ಸುರುಳಿ ಮಾಡಿ, ಈ ಪಿಸ್ತೂಲಿಗೆ ತುಂಬಿ, ಮಾವನ ಮೇಜಿನ ಮೇಲೆ ಇಟ್ಟುಹೋದಳು. ಕೇಳಿಸಲಿಲ್ಲ ಅಂದವನ ಮನೇಲಿ ಏನೂ ಕೇಳಿಸದೆ ಹೋಗಲಿ ಅಂತ. ಮಾವ ಹೆದರಿ ಅದನ್ನ ಮುಟ್ಟಲಿಲ್ಲ. ಯಾವುದಕ್ಕೆ ಗುರಿ ಇಡ್ತೀಯೋ ಅದರ ಸದ್ದು ಹೋಗತ್ತೆ. ಒಂದು ಸಲ ಹೊಡೆದವರ ಮನೆ ಬಿಟ್ಟು ಅದು ಹೋಗಲ್ಲ. ಆಮೇಲೆ ಅದೇ ಗುರಿ ಇಡತ್ತೆ.”

ಪಿಸ್ತೂಲಕ್ಕನದು ಒಂದು ಕಟ್ಟುನಿಟ್ಟು. ಒಂದು ಕೇಪು ಹೊಡೆದು ನೋಡದೆ ಯಾವ ಪಿಸ್ತೂಲನ್ನೂ ಅವಳು ಮನೆಗೆ ತಂದವಳಲ್ಲ. ಸುಮ್ಮನೆ ಗಾಜಿನೊಳಗೆ ಕೂರಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

“ನಿಮ್ಮ ಮಾವ ಸುಳ್ಳುಗಾರ, ಒಪ್ಪಿದೆ. ಅದಕ್ಕೆ ಪಿಸ್ತೂಲು ಏನು ಮಾಡತ್ತೆ ಪಾಪ?” ಎಂದವಳೇ ಗೋಡೆ ಗಡಿಯಾರಕ್ಕೆ ಗುರಿಯಿಟ್ಟು ಟ್ರಿಗರ್ ಎಳೆದೇಬಿಟ್ಟಳು.

ಚಟ್!

ಮುದುಕಿ ಎರಡೂ ಕಿವಿ ಮುಚ್ಚಿಕೊಂಡು ಕುಸಿದು ಕೂತಳು. ನೀಲಿ ಹೊಗೆ ಚದುರಿತು. ಗಡಿಯಾರದ ಲೋಲಕ ಆಡುತ್ತಲೇ ಇತ್ತು. ಟಿಕ್ ಟಿಕ್ ಮಾತ್ರ ಇರಲಿಲ್ಲ. “ಹಳೇ ಗಡಿಯಾರ ಅಜ್ಜಿ, ಅದಕ್ಕೂ ಸುಸ್ತಾಗತ್ತೆ,” ಎಂದು ಪಿಸ್ತೂಲಕ್ಕ ಹೊರಬಂದಳು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದಳು. ಅತ್ತೆಯ ಕಣ್ಣಿಗೆ ಪೊರೆ ಬಂದು, ಆಪರೇಷನ್ನೂ ಕೈಕೊಟ್ಟು, ಈಗ ಬೆಳಕು ಯಾವ ಕಡೆಯೆಂಬುದಷ್ಟೇ ತಿಳಿಯುತ್ತಿತ್ತು. ಕಣ್ಣಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಅವಳು ಬಾಯಲ್ಲಿ ವಸೂಲಿ ಮಾಡುತ್ತಿದ್ದಳು. ಮಗ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಅತ್ತೆ, ಸೊಸೆ ಮತ್ತು ಅವರಿಬ್ಬರ ಜಗಳ. ಹಿಂದೊಮ್ಮೆ ಜ್ವರ ಬಂದು ಅತ್ತೆಯ ಮಾತು ನಿಂತಿದ್ದಾಗ ಮನೆಯೇ ಸತ್ತಂತಾಗಿ, ಪಿಸ್ತೂಲಕ್ಕ ಗೋಡೆಗೆ ಒರಗಿ ಅತ್ತಿದ್ದಳು. ಅದನ್ನು ಅತ್ತೆಗೆ ಹೇಳಿರಲಿಲ್ಲ, ಅಷ್ಟೆ.

“ಮತ್ತೊಂದು ತಂದ್ಯಾ? ಯಾರ ಮೇಲೆ ಯುದ್ಧಕ್ಕೆ ಹೊರಟಿದೀಯ?”

“ಯುದ್ಧಕ್ಕೆ ನಾನ್ಯಾಕೆ ಹೊರಗೆ ಹೋಗ್ಲಿ ಅತ್ತೆ, ನೀವಿರುವಾಗ?”

ಅತ್ತೆ ಮೇಜನ್ನು ತಡವಿ ಪಿಸ್ತೂಲನ್ನು ಕೈಗೆತ್ತಿಕೊಂಡಳು. ಅದೇ ಹೊತ್ತಿಗೆ ಒಲೆಯ ಮೇಲಿನ ಕುಕ್ಕರ್ ಶಿಳ್ಳೆ ಹೊಡೆಯಿತು. “ಇದೊಂದು! ಯಾವಾಗ್ಲೂ ನನ್ನ ಮಾತಿನ ಮಧ್ಯವೇ ಬಡ್ಕೊಳ್ಳತ್ತೆ,” ಎಂದು ಸದ್ದು ಬಂದ ಕಡೆಗೆ ಗುರಿಯಿಟ್ಟಳು. ಚಟ್! ಪಿಸ್ತೂಲಕ್ಕನ ನಗು ಅರ್ಧಕ್ಕೇ ನಿಂತಿತು. ಕುಕ್ಕರಿನ ಮೂತಿಯಿಂದ ಹಬೆ ಭುಗ್ಗನೆ ಏಳುತ್ತಿತ್ತು. ಸದ್ದಿಲ್ಲ. ಅಡುಗೆಮನೆಯ ತುಂಬ ಸುಟ್ಟ ಕೂದಲಿನ ವಾಸನೆ.

ಪಿಸ್ತೂಲಕ್ಕ ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಮರುದಿನ ಮಧ್ಯಾಹ್ನ ಕೆಲಸದ ಕೋಣೆಯಲ್ಲಿ ಹಲ್ಲುಸೆಟ್ಟಿಗೆ ಪಾಲಿಶ್ ಹಾಕುತ್ತಿದ್ದಾಗ ಹಾಲ್‌ನಿಂದ ಕೇಳಿಸಿತು. ಚಟ್! ಓಡಿಬಂದು ನೋಡಿದರೆ ಬೀಗ ಹಾಗೇ ಇದೆ, ಗಾಜಿನೊಳಗೆ ಹೊಗೆ. ಪಿಸ್ತೂಲಿನ ಮೂತಿ ಬಾಗಿಲ ಕಡೆ ತಿರುಗಿತ್ತು. ಸ್ವಲ್ಪ ಹೊತ್ತಿನಲ್ಲಿ ಯಾರೋ ಬಾಗಿಲು ಗುದ್ದಿದರು. ಡಾಕ್ಟರ ಕಾಂಪೌಂಡರ್. “ಏನಕ್ಕ ಇದು, ಬೆಲ್ ಒತ್ತಿ ಒತ್ತಿ ಬೆರಳು ನೋವು ಬಂತು,” ಎಂದು ಗೊಣಗಿದ.

ಅವಳು ಹೆದರಿ ಕಪಾಟಿನತ್ತ ನೋಡಿದಳು. ಅದರ ಬೆನ್ನಿಗೇ ಸಿಟ್ಟೂ ಬಂತು. ನನ್ನ ಮನೆಯಲ್ಲಿ, ನನ್ನ ಕಪಾಟಿನಲ್ಲಿ ಕೂತು ನನ್ನನ್ನೇ ಹೆದರಿಸುವುದೆ? ಚಿಮಟ ತಂದು ಸುರುಳಿಯ ತುದಿ ಹಿಡಿದು ಎಳೆದಳು. ಕೆಂಪು ಕಾಗದ ಬಂತು. ಎಳೆದಷ್ಟೂ ಬಂತು. ಮಡಿಲು ತುಂಬಿತು, ನೆಲಕ್ಕಿಳಿಯಿತು. ಒಂದೊಂದು ಮದ್ದಿನ ಚುಕ್ಕೆಯಲ್ಲೂ ಸುತ್ತಿಕೊಂಡ ಒಂದೆಳೆ ಕೂದಲು. ಪಿಸ್ತೂಲಿನ ಹೊಟ್ಟೆಯಲ್ಲಿ ಸುರುಳಿ ಮಾತ್ರ ಒಂದಿಷ್ಟೂ ಕರಗಿರಲಿಲ್ಲ.

ಆಮೇಲೆ ಹಲ್ಲಿನ ಅಚ್ಚು ಮಾಡುವ ದೊಡ್ಡ ಹಿತ್ತಾಳೆ ಡಬ್ಬಿಯಲ್ಲಿ ಅದನ್ನು ಮಲಗಿಸಿ, ಮೇಲೆ ಪ್ಲಾಸ್ಟರ್ ಸುರಿದು, ಮುಚ್ಚಳ ಬಿಗಿದು ಪ್ರೆಸ್ಸಿನಲ್ಲಿ ಒತ್ತಿದಳು. “ಈಗ ಹೊಡಿ ನೋಡೋಣ,” ಎಂದಳು.

ಸಂಜೆ ನೋಡಿದರೆ ಡಬ್ಬಿ ಬಾಯಿ ಬಿಟ್ಟುಕೊಂಡಿತ್ತು. ಪ್ಲಾಸ್ಟರ್ ಎರಡು ಹೋಳು. ಪಿಸ್ತೂಲು ಹೊರಗೆ ಮೇಜಿನ ಮೇಲೆ ಮಲಗಿತ್ತು. ಕೇಪಿನ ಮೇಲೆ ಬಡಿಯುವ ಪುಟ್ಟ ಸುತ್ತಿಗೆ ಆಗಲೇ ಹಿಂದಕ್ಕೆ ಬಾಗಿ ನಿಂತಿತ್ತು. ಮೂತಿ ಹಾಲ್‌ನ ಕಡೆಗೆ. ಅಲ್ಲಿ ಅತ್ತೆ ಒಬ್ಬಳೇ ಕೂತು ಫ್ಯಾನನ್ನು ಬೈಯುತ್ತಿದ್ದಳು.

ಪಿಸ್ತೂಲಕ್ಕ ಮೂತಿಯನ್ನು ಗೋಡೆಗೆ ತಿರುಗಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮತ್ತೆ ಅತ್ತೆಯ ದನಿಯ ಕಡೆಗೇ ಬಂತು. ಮನೆಯಲ್ಲಿ ಉಳಿದ ಅತಿ ದೊಡ್ಡ ಸದ್ದು ಅದೇ ತಾನೆ!

“ಅತ್ತೆ! ದಮ್ಮಯ್ಯ, ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರಿ.”

“ನನ್ನ ಬಾಯಿ, ನನ್ನಿಷ್ಟ!”

ಕಣ್ಣಿಲ್ಲದ ಜೀವ. ಮಾತೂ ಹೋದರೆ ಅವಳಿಗೆ ಉಳಿಯುವುದೇನು? ಪಿಸ್ತೂಲಕ್ಕ ಸುತ್ತಿಗೆಗೆ ಹೆಬ್ಬೆರಳು ಅಡ್ಡಹಿಡಿದಳು. ಅದು ಬೆರಳನ್ನು ಒತ್ತುತ್ತಿತ್ತು. ಆಗ ಕರೆಂಟ್ ಹೋಯಿತು.

ಕಿಟಕಿಯಿಲ್ಲದ ಕೋಣೆ. ಮೇಣ ಕರಗಿಸುವ ಬರ್ನರಿನ ನೀಲಿ ನಾಲಗೆಯೊಂದೇ ಬೆಳಕು. ಅಂಗಡಿಯ ಮುದುಕಿಯ ಮಾತು ತಲೆಯಲ್ಲಿ ಗುಂಯ್‌ಗುಟ್ಟಿತು. ಯಾವುದಕ್ಕೆ ಗುರಿಯೋ ಅದರ ಸದ್ದು ಹೋಗುತ್ತದೆ. ಸರಿ. ಇದಕ್ಕೆ ಇದನ್ನೇ ಗುರಿ ಮಾಡಿದರೆ?

ತಗಡು ಬಾಗುತ್ತದೆ. ನಳಿಗೆಯನ್ನು ಉರಿಗೆ ಹಿಡಿದಳು. ಓಡುವ ಮೊಲದ ಬಣ್ಣ ಬೊಬ್ಬೆಯೆದ್ದು ಸುಲಿಯಿತು. ಇಷ್ಟು ವರ್ಷ ಹುಡುಕಿದ ವಸ್ತುವನ್ನು ಕೈಯಾರೆ ಹಾಳುಮಾಡುತ್ತಿದ್ದಳು. ಇಕ್ಕಳ ಹಾಕಿ ಬಗ್ಗಿಸಿದಳು. ನಳಿಗೆ ಕಿರ್ರೆನ್ನುತ್ತ ಹಿಂದಕ್ಕೆ ಮಡಿಯಿತು. ಮೂತಿ ಈಗ ಅದರದೇ ಸುತ್ತಿಗೆಯನ್ನು ನೋಡುತ್ತಿತ್ತು. ಸುತ್ತಿಗೆಯ ಆಚೆ ಇನ್ನೊಂದು ಗುರಿಯೂ ಇತ್ತು. ಹಿಡಿದವಳ ಗಂಟಲು.

ಅವಳಿಗೆ ಅದು ಕಾಣಿಸಿತು. ಎತ್ತ ತಿರುಗಿಸಿ ಹಿಡಿದರೂ ಮೂತಿ ತನ್ನ ಗಂಟಲಿಗೇ ಬರುತ್ತಿತ್ತು.

“ಏನೇ ಅದು ಸುಟ್ಟ ವಾಸನೆ?” ಅತ್ತೆ ಬಾಗಿಲಿಗೆ ಬಂದಿದ್ದಳು. ಕತ್ತಲೆ ಅವಳಿಗೆ ಯಾವ ಲೆಕ್ಕ? ತಡವುತ್ತ ಒಳಗೆ ಬಂದಳು. ಬಿಸಿ ತಗಡು ಸೊಸೆಯ ಕೈಯಲ್ಲಿ ಮಿಸುಕಿತು. ಮಡಿದ ನಳಿಗೆ ಬಿಚ್ಚಿಕೊಳ್ಳತೊಡಗಿತು. ನೆಟ್ಟಗಾಗುತ್ತಿದೆ. ಅತ್ತೆಯ ಕಡೆಗೆ. ಹೆಬ್ಬೆರಳು ಜಾರುತ್ತಿದೆ. ಚರ್ಮ ಚುರುಗುಟ್ಟಿತು. ಎಡಗೈಯಲ್ಲೇ ನಳಿಗೆಯನ್ನು ಒತ್ತಿ ಮಡಿಸಿದಳು. ಅಂಗೈ ಸುಟ್ಟಿತು. ಬಿಡಲಿಲ್ಲ.

“ನಿನ್ನ ಬಾಯಿ ಮುಚ್ಚಿಸ್ತೀನಿ,” ಎಂದಳು ಪಿಸ್ತೂಲಿಗೆ, ಹಲ್ಲು ಕಚ್ಚಿ. “ನಂದೂ ಹೋದ್ರೆ ಹೋಗ್ಲಿ!”

ಟ್ರಿಗರ್ ಎಳೆದಳು.

ಚಟ್ ಎನ್ನಲಿಲ್ಲ. ಪಿಸ್ತೂಲಿನ ಹೊಟ್ಟೆಯೊಳಗಿಂದ ಒಂದು ಕೂಗು ಬಂತು. ಹುಡುಗಿಯ ಕೂಗು. ಚಿಲಕ ಹಾಕಿದ ಬಾಗಿಲನ್ನು ಬಡಿಯುತ್ತ, ಉಸಿರು ಮುಗಿಯುವವರೆಗೂ ಕೂಗಿದ ಕೂಗು. ಗೋಡೆಗೆ ನೇತುಹಾಕಿದ್ದ ಅಚ್ಚುಗಳೆಲ್ಲ ಅದುರಿದವು. ಆಮೇಲೆ ನಿಶ್ಶಬ್ದ. ಕೆಂಪು ಸುರುಳಿ ಅವಳ ಕೈಯಲ್ಲೇ ಬೂದಿಯಾಗಿ ಉದುರಿತು.

ಕೇಳಿಸಿತು ಕಣೇ, ನನಗೆ ಕೇಳಿಸಿತು ಎಂದು ಆ ಹುಡುಗಿಗೆ ಹೇಳಬೇಕೆನಿಸಿತು ಪಿಸ್ತೂಲಕ್ಕನಿಗೆ. ತುಟಿ ಆಡಿತು. ಉಸಿರು ಬಂತು. ದನಿ ಬರಲಿಲ್ಲ.

“ಯಾರೇ ಕೂಗಿದ್ದು? ನೀನಾ? ಮಾತಾಡೇ!” ಅತ್ತೆ ಕೈ ಚಾಚಿ ತಡವಿದಳು. ಸೊಸೆ ಅವಳ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡಳು. ಬಾಯಿ ಬಿಟ್ಟು ಮಾತಾಡಿದಳು. ಅತ್ತೆಯ ಬೆರಳಿಗೆ ಏನೂ ತಾಗಲಿಲ್ಲ. ಅತ್ತೆಗೆ ಅರ್ಥವಾಯಿತು. ಎರಡು ಜೀವವೂ ಆ ಕತ್ತಲೆಯಲ್ಲಿ ನೆಲದ ಮೇಲೆ ಕೂತು ಅತ್ತವು. ಒಬ್ಬಳದು ಮಾತ್ರ ಕೇಳಿಸುತ್ತಿತ್ತು.

ಡಾಕ್ಟರುಗಳು ಟಾರ್ಚು ಬಿಟ್ಟು ಅವಳ ಗಂಟಲು ನೋಡಿ, ಎಲ್ಲ ಸರಿಯಿದೆಯಲ್ಲ ಎಂದು ತಲೆ ಕೆರೆದುಕೊಂಡರು. ಅದಕ್ಕಿಂತ ಕಷ್ಟವಾದದ್ದು ಮನೆಯಲ್ಲಿ. ತಲೆಯಾಡಿಸಿದರೆ ಅತ್ತೆಗೆ ಕಾಣುವುದಿಲ್ಲ. ಉತ್ತರವಿಲ್ಲದ ಮನೆಯಲ್ಲಿ ಅತ್ತೆಯ ಮಾತೂ ದಿನದಿಂದ ದಿನಕ್ಕೆ ಸೊರಗುತ್ತ ಬಂತು. ಒಂದು ಬೆಳಿಗ್ಗೆ ಕಾಫಿ ಕೊಟ್ಟಾಗ ಸಕ್ಕರೆ ಕಡಿಮೆ ಎಂದೂ ಅನ್ನಲಿಲ್ಲ.

ಅದು ಪಿಸ್ತೂಲಕ್ಕನಿಗೆ ತಡೆಯಲಾಗಲಿಲ್ಲ. ಮಾಟಕ್ಕೆ ಕೊಟ್ಟದ್ದು ನನ್ನ ಗಂಟಲು, ಇವಳ ಬಾಯನ್ನೂ ಸೇರಿಸಿ ಅಲ್ಲ ಎಂದುಕೊಂಡು ಸರಸರನೆ ಕಪಾಟಿಗೆ ಹೋದಳು. ಮಡಿದ ನಳಿಗೆಯ ಮೂಗ ಪಿಸ್ತೂಲನ್ನು ಪಕ್ಕಕ್ಕೆ ಸರಿಸಿ, ಹಿಂದಿದ್ದ ಇನ್ನೊಂದನ್ನು ತೆಗೆದಳು. ಎಂದೂ ಒಡೆಯಬಾರದೆಂದು ಇಟ್ಟಿದ್ದ ಹಳೆಯ ಕೇಪಿನ ಡಬ್ಬಿಯ ಸೀಲನ್ನು ಉಗುರಿನಿಂದ ಕಿತ್ತಳು.

ಚಟ್!

ಅತ್ತೆ ಬೆಚ್ಚಿಬಿದ್ದಳು. “ಏನೇ! ಮತ್ತೆ ಅದೇನಾ?”

ಚಟ್! ಚಟ್!

ಅತ್ತೆ ಸದ್ದು ಬಂದ ಕಡೆಗೆ ಕಿವಿ ತಿರುಗಿಸಿದಳು. “ಒಂದು ಹೊಡೆದ್ರೆ ಹೌದು, ಎರಡು ಹೊಡೆದ್ರೆ ಅಲ್ಲ. ಹಾಗೇನಾ?”

ಚಟ್!

“ನನ್ನಂಥ ಮುದುಕಿಗೋಸ್ಕರ ನಿನ್ನ ಬಾಯಿ ಕಳ್ಕೊಂಡ್ಯಲ್ಲ, ಅದಕ್ಕೆ ಸಂಕಟ ಆಗತ್ತಾ ನಿಂಗೆ?”

ಪಿಸ್ತೂಲಕ್ಕ ಟ್ರಿಗರ್ ಮೇಲೆ ಬೆರಳಿಟ್ಟಳು. ಆಮೇಲೆ ಒಂದೇ ಒಂದು ಹೊಡೆದಳು. ಚಟ್. ಸುಳ್ಳು ಹೇಳುವುದಕ್ಕೆ ಮನಸ್ಸಾಗಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಹಳೆಯ ಗಟ್ಟಿ ದನಿಯಲ್ಲಿ ಕೇಳಿದಳು. “ಹೋಗ್ಲಿ. ಇನ್ಮೇಲಾದ್ರೂ ನಾನು ಹೇಳಿದ್ದು ಕೇಳ್ತೀಯಾ?”

ಚಟ್! ಚಟ್!

“ನೋಡಿದ್ರಾ! ಬಾಯಿ ಹೋದ್ರೂ ಇವಳ ಎದುರುತ್ತರ ಹೋಗ್ಲಿಲ್ಲ,” ಎಂದು ಗೋಡೆಗೆ ದೂರು ಹೇಳಿ, ಅತ್ತೆ ಕಾಫಿ ಲೋಟವನ್ನು ಟಣ್ಣನೆ ಮೇಜಿನ ಮೇಲೆ ಕುಕ್ಕಿದಳು. “ಸಕ್ಕರೆ ಹಾಕ್ಕೊಂಡು ಬಾ ಹೋಗು!”