ಆಯೇಷಾಳ ಸೊಂಟದ ಮೇಲಿನ ಬರೆ

೨೦೦೫ರ ನವೆಂಬರ್ ಎಂಟು, ಬೆಳಿಗ್ಗೆ ಹತ್ತೂವರೆ. ಗೌರಸಮುದ್ರದ ಮದರ್ ಬೀ ಅಳುತ್ತಲೇ ಮೊಳಕಾಲ್ಮೂರು ಠಾಣೆಯ ಮೆಟ್ಟಿಲು ಹತ್ತಿದರು.

"ನನ್ನ ಮೊಮ್ಮಗಳು ಆಯೇಷಾಗೆ ಮಲತಾಯಿ ಇಕ್ಕಳ ಕಾಸಿ ಬರೆ ಹಾಕ್ಯಾಳೆ ಸಾಬ್. ಸೊಂಟದ ಮ್ಯಾಲೆ ಕರ್ರಗೆ ಕೂತೈತೆ. ಮಗು ಚಳ್ಳಕೆರೆ ಆಸ್ಪತ್ರೆಯಾಗೆ ಜ್ವರದಿಂದ ಒದ್ದಾಡ್ತೈತೆ."

ಮದರ್ ಬೀಯ ಮಗಳು ತೀರಿಕೊಂಡ ಮೇಲೆ ಮೊಳಕಾಲ್ಮೂರಿನಲ್ಲಿದ್ದ ಅಳಿಯ ಜೀನತ್ ಎಂಬವಳನ್ನು ಮದುವೆಯಾಗಿದ್ದ. ಮಲತಾಯಿ ಎಂದರೆ ನಮ್ಮ ಜನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸಬ್ ಇನ್ಸ್‌ಪೆಕ್ಟರ್ ನಾಗೇಂದ್ರಪ್ಪನವರೂ ದೇವಲೋಕದಿಂದ ಇಳಿದವರಲ್ಲ. ಎಫ್‌ಐಆರ್ ದಾಖಲಿಸಿ, ಅಳಿಯನ ಅಡುಗೆಮನೆಯ ಪಂಚನಾಮೆ ಮಾಡಿ, ಇಕ್ಕಳವನ್ನು ವಶಪಡಿಸಿಕೊಂಡು, ಮದರ್ ಬೀಯನ್ನೂ ಕೂರಿಸಿಕೊಂಡು ಚಳ್ಳಕೆರೆಗೆ ಹೊರಟರು. ಜೀನತ್ ಮಗುವಿನ ಮಂಚದ ಪಕ್ಕದಲ್ಲೇ ಕುಳಿತಿದ್ದಳು.

"ಬರೆ ಯಾಕೆ ಹಾಕ್ದೆ?" ನಾಗೇಂದ್ರಪ್ಪ ಗದರಿದರು.

"ಹಾಕಿಲ್ಲ ಸಾರ್."

"ಮತ್ತೆ ಕಲೆ?"

"ಸ್ನಾನ ಮಾಡಿಸುವಾಗ ಕಂಡ್ತು. ನೋವಿಲ್ಲ ಅಂದ್ಲು."

"ಸುಟ್ರೆ ನೋಯಲ್ವಾ? ಒಳ್ಳೆ ಕತೆ!" ಎಂದ ಮುಖ್ಯಪೇದೆ ಯತ್ತಪ್ಪ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಾಗೇಂದ್ರಪ್ಪ ಡಾಕ್ಟರ್ ನಾಗರತ್ನ ಅವರನ್ನು ಕರೆಸಿದರು. ಡಾಕ್ಟರ್ ಕಲೆಯ ಸುತ್ತ ಒತ್ತಿದರು. ಮಗು ಮುಖ ಕಿವುಚಲಿಲ್ಲ.

"ಇದು ಬರೆ ಅಲ್ಲ. ನುಸಿಮರಿ ಕಚ್ಚಿದ ಗುರುತು. ಪೊದೆಗಳಲ್ಲಿರುತ್ತೆ, ಕಣ್ಣಿಗೆ ಬೀಳಲ್ಲ. ಲಾಡಿ ಬಿಗಿಯೋ ಕಡೆ ಕಚ್ಚುತ್ತೆ, ಕಚ್ಚಿದ ಜಾಗ ನೋವಿಲ್ಲದೆ ಕರ್ರಗಾಗುತ್ತೆ. ಅದರಿಂದ ರಿಕೆಟ್ಸಿಯಾ ಕುಟುಂಬದ ಬ್ಯಾಕ್ಟೀರಿಯಾ ಮೈಗೆ ಸೇರಿ ರಕ್ತನಾಳದ ಜೀವಕೋಶದೊಳಗೇ ಬೆಳೆಯುತ್ತೆ. ಸುಮಾರು ಹತ್ತು ದಿನಕ್ಕೆ ಜ್ವರ, ತಲೆನೋವು, ದದ್ದು. ಸ್ಕ್ರಬ್ ಟೈಫಸ್ ಅಂತಾರೆ. ಮಾಮೂಲಿ ಇಂಜೆಕ್ಷನ್ನಿಗೆ ಬಗ್ಗಲ್ಲ. ರಕ್ತ ಪರೀಕ್ಷೆಗೆ ಚಿತ್ರದುರ್ಗಕ್ಕೆ ಕಳಿಸ್ತೀನಿ, ಡಾಕ್ಸಿಸೈಕ್ಲಿನ್ ಔಷಧ ಈಗಲೇ ಶುರು. ಎರಡು ದಿನದಲ್ಲಿ ಜ್ವರ ಬಿಟ್ರೆ ನನ್ನ ಮಾತು ನಿಜ."

"ಬಿಡದಿದ್ರೆ?" ಎಂದರು ನಾಗೇಂದ್ರಪ್ಪ.

ಡಾಕ್ಟರ್ ಔಷಧದ ಚೀಟಿ ಬರೆಯತೊಡಗಿದರು. ಜೀನತ್ ಮಗುವಿನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬಂಧನವನ್ನು ಎರಡು ದಿನ ತಡೆಹಿಡಿದ ನಾಗೇಂದ್ರಪ್ಪ ಇನ್ನೊಂದೇ ಪ್ರಶ್ನೆ ಕೇಳಿದರು.

"ಜ್ವರಕ್ಕೆ ಮುಂಚೆ ಮಗು ಪೊದೆ ಕಡೆ ಹೋಗಿತ್ತಾ?"

ಬಾಯಿಬಿಟ್ಟವರು ಮದರ್ ಬೀ. "ದಸರಾ ರಜೆಯ ಕೊನೇ ವಾರ ನಮ್ಮನೇಗೆ ಬಂದಿದ್ಲು. ಸೀತಾಫಲ ಅಂದ್ರೆ ಪ್ರಾಣ. ಗುಡ್ಡಕ್ಕೆ ನಾನೇ ಕರ್ಕೊಂಡ್ ಹೋಗಿದ್ದೆ..."

ಹತ್ತನೇ ತಾರೀಕು ಬೆಳಿಗ್ಗೆ ಆಯೇಷಾಳ ಹಣೆ ತಣ್ಣಗಾಗಿತ್ತು. ಎದ್ದು ಕೂತವಳು ಇಡ್ಲಿ ಬೇಕೆಂದು ಹಟ ಹಿಡಿದಳು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಯತ್ತಪ್ಪನೇ ಓಡಿಹೋಗಿ ಹೋಟೆಲಿನಿಂದ ಇಡ್ಲಿ ತಂದ.

ಮದರ್ ಬೀ ಎರಡೂ ಕೈ ಮುಂದೆ ಚಾಚಿದರು. "ನನ್ನೇ ಹಿಡ್ಕೊಂಡ್ ಹೋಗ್ರಿ ಸಾಬ್."

"ಬರೆ ಅಂತ ನಿಜಕ್ಕೂ ನಂಬಿದ್ರಾ?"

"ನಂಬಬೇಕು ಅನ್ನಿಸ್ತು. ಜ್ವರದಾಗೆ ಮಗು ಇವಳನ್ನ ಅಮ್ಮೀ ಅಂತು. ನನ್ನ ಮಗಳನ್ನ ಮರೆತೇಬಿಡ್ತಲ್ಲಾ ಅಂತ ಹೊಟ್ಟೆ ಉರೀತು."

ಜೀನತ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಬಿಡ್ರಿ ಸಾರ್. ನಾನು ಜಡೆ ಹೆಣೆದ್ರೆ ಆಯೇಷಾ ಒಪ್ಪಲ್ಲ. ಹೆತ್ತ ಅಮ್ಮೀಗೆ ಹಾಕ್ತಿದ್ದ ಹಾಗೆ ಈ ಅಜ್ಜಿ, ಅವಳ ನಾನಿಯೇ ಹಾಕ್ಬೇಕಂತೆ."

ಯಾರನ್ನೂ ಬಂಧಿಸದ ಆ ಪ್ರಕರಣಕ್ಕೆ ನಾಗೇಂದ್ರಪ್ಪ ಅಂದೇ, ಅಪರಾಧವೇ ನಡೆದಿಲ್ಲವೆಂದು ಬಿ ರಿಪೋರ್ಟ್ ಬರೆದರು. ಇಷ್ಟು ಹಗುರ ಮನಸ್ಸಿನಿಂದ ಅವರು ಯಾವ ಕಡತವನ್ನೂ ಮುಚ್ಚಿರಲಿಲ್ಲ.